ಬೀಗ ಹಾಕುವ ಮೊದಲು ಒಳಗೇನಿದೆ ಹೇಳಿ

ತಿಪಟೂರಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್ನು ಬದಲಾಯಿಸುವುದರಲ್ಲೇ ದಿನ ಕಳೆಯುತ್ತದೆ. ಈಗೀಗ ಜನ ಇನ್ನೊಂದು ಕೆಲಸ ಹೊತ್ತು ತರುತ್ತಿದ್ದಾರೆ. ‘ಸೆಟ್ಟಿನ ಜೊತೆಗೇ ಬಂದಿರೋ ಆ್ಯಪ್‌ಗಳು ಹೋಗ್ತಾನೇ ಇಲ್ಲ, ತೆಗೆದುಕೊಡಿ’ ಅನ್ನುತ್ತಾರೆ. ಸಾಲ ಕೊಡುವ ಆ್ಯಪು, ಆಟದ ಆ್ಯಪು, ಲಾಕ್ ಸ್ಕ್ರೀನಿನ ಮೇಲೆ ಜಾಹೀರಾತು ಹಾಕುವ ಆ್ಯಪು. ಹತ್ತು ಸಾವಿರ ರೂಪಾಯಿಯ ಫೋನಿನಲ್ಲಿ ಇವೆಲ್ಲ ತುಂಬಿರುವುದು ಈಗ ಯಾರಿಗೂ ಹೊಸದಲ್ಲ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮೂರಿನ ವಕೀಲೆಯೊಬ್ಬರು ಕೌಂಟರ್ ಮೇಲೆ ಇಟ್ಟದ್ದು ಬೇರೆ ಥರದ ಫೋನು. ಗೂಗಲ್ ಪಿಕ್ಸೆಲ್ ಸೆಟ್ಟು, ಒಳಗೆ ಗ್ರಾಫೀನ್ ಓಎಸ್. ಕಕ್ಷಿದಾರರ ಕಾಗದಪತ್ರ, ಮಾತುಕತೆ ಎಲ್ಲ ಫೋನಿನಲ್ಲೇ ಇರುತ್ತದೆ ಎಂದು ಬೆಂಗಳೂರಿನಲ್ಲಿರುವ ಅವರ ತಮ್ಮ ಹಾಕಿಕೊಟ್ಟಿದ್ದಂತೆ.

‘ಅಣ್ಣಾ, ಗುಟ್ಟು ಉಳಿಸೋ ಫೋನು ಅಂತ ತಗೊಂಡೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಆ್ಯಪ್ ತೋರಿಸು ಅಂತ ಒತ್ತಿದ್ರೆ ಉದ್ದಕ್ಕೆ ಪಟ್ಟಿ ಬರುತ್ತೆ. ಒಂದೂ ಅಳಿಸೋಕೆ ಬರಲ್ಲ. ರೂಟ್ ಮಾಡಿ ಎಲ್ಲಾನೂ ಕಿತ್ತುಹಾಕಿ.’

‘ರೂಟ್ ಅಂದ್ರೆ ಸಿಸ್ಟಮ್ ಭಾಗಾನೂ ಬದಲಾಯಿಸೋ ಅಧಿಕಾರ. ಅದನ್ನ ಮಾಡಿದ್ರೆ ಈ ಫೋನು ತಗೊಂಡಿದ್ದೇ ದಂಡ ಆಗುತ್ತೆ ಮೇಡಂ’ ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವಿನಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವವರು ಯಾರು ಎಂದು ಕೇಳಿದರು. ಆ ಪ್ರಶ್ನೆ ನೂರಕ್ಕೆ ನೂರು ನ್ಯಾಯವಾದದ್ದು. ಉತ್ತರ ಹೇಳಬೇಕಾದವರು ಫೋನು ಮಾಡುವವರು ಮತ್ತು ಕಾನೂನು ಮಾಡುವವರು. ಸ್ಕ್ರೂಡ್ರೈವರ್ ಹಿಡಿದ ನನ್ನಂಥವನ ಮೇಲೆ ಅದು ಬಂದು ಬಿದ್ದಿದೆ ಎಂಬುದೇ ನನ್ನ ತಕರಾರು.

ಗ್ರಾಫೀನ್ ಓಎಸ್ ಬಗ್ಗೆ ಸ್ವಲ್ಪ ಹೇಳಬೇಕು. ಡೇನಿಯಲ್ ಮಿಕೇ ಎಂಬ ಕೆನಡಾದ ಪ್ರೋಗ್ರಾಮರ್ 2014ರಲ್ಲಿ ಹಿಡಿದ ಕೆಲಸ ಒಡಕು, ಜಗಳಗಳನ್ನು ದಾಟಿ 2019ರಿಂದ ಈ ಹೆಸರಿನಲ್ಲಿ ನಡೆದುಬಂದಿದೆ. ಆಂಡ್ರಾಯ್ಡಿನ ಮುಕ್ತ ಸೋರ್ಸ್ ಕೋಡನ್ನೇ ತೆಗೆದುಕೊಂಡು ಗೂಗಲ್‌ನ ಸೇವೆಗಳನ್ನು ಹೊರಗಿಟ್ಟು, ಭದ್ರತೆಯನ್ನು ಬಿಗಿ ಮಾಡಿದ್ದಾರೆ. ಪ್ಲೇ ಸ್ಟೋರ್ ಬೇಕೇ ಬೇಕು ಎನ್ನುವವರು ಅದನ್ನು ಬೇರೆ ಆ್ಯಪ್‌ಗಳ ಹಾಗೆ ಹಾಕಿಕೊಳ್ಳಬಹುದು. ಅದಕ್ಕೆ ವಿಶೇಷ ಅಧಿಕಾರವೇನೂ ಸಿಗುವುದಿಲ್ಲ. ನಾವು ಹಾಕಿಕೊಂಡ ಆ್ಯಪಿಗೆ ಇಂಟರ್ನೆಟ್ ಕೊಡಬೇಕೋ ಬೇಡವೋ ಎಂಬುದಕ್ಕೂ ಒಂದು ಸ್ವಿಚ್ಚು ಇದೆ. ಜೊತೆಗೆ ಬರುವ ಆ್ಯಪ್‌ಗಳು ತೀರ ಕಡಿಮೆ. ವನೇಡಿಯಂ ಎಂಬ ಬ್ರೌಸರ್, ಕ್ಯಾಮೆರಾ, ಪಿಡಿಎಫ್ ನೋಡುವ ಆ್ಯಪು, ಫೋನಿನ ಸಾಚಾತನ ಪರೀಕ್ಷಿಸುವ ಆಡಿಟರ್, ಗಡಿಯಾರ, ಕ್ಯಾಲ್ಕುಲೇಟರ್, ಕಾಂಟ್ಯಾಕ್ಟ್ಸ್ ಇಂಥವಷ್ಟೇ ಮೇಲ್ನೋಟಕ್ಕೆ ಕಾಣುವುದು. ಇಂಥ ಫೋನಿನಲ್ಲೂ ‘ಅಳಿಸು’ ಎನ್ನುವ ಗುಂಡಿ ಇವುಗಳ ಮುಂದೆ ಇರುವುದಿಲ್ಲ. ಹೆಚ್ಚೆಂದರೆ ‘ನಿಷ್ಕ್ರಿಯಗೊಳಿಸು’ ಎಂದಿರುತ್ತದೆ. ಕೆಲವಕ್ಕೆ ಅದೂ ಮಂಕಾಗಿರುತ್ತದೆ.

ಯಾಕೆ ಹೀಗೆ? ಆಂಡ್ರಾಯ್ಡಿನಲ್ಲಿ ಸಿಸ್ಟಮ್ ಭಾಗ ಓದಲು ಮಾತ್ರ, ಬರೆಯಲು ಆಗದು. ಅದರ ಒಂದೊಂದು ತುಣುಕಿಗೂ ಗಣಿತದ ಒಂದು ಗುರುತು ಇರುತ್ತದೆ. ಆ ಗುರುತುಗಳನ್ನೆಲ್ಲ ಕೂಡಿಸಿ ಮೇಲೊಂದು ಗುರುತು, ಅದಕ್ಕೆ ತಯಾರಕರ ಡಿಜಿಟಲ್ ಸಹಿ. ಫೋನು ಆನ್ ಆಗುವಾಗ, ಆಮೇಲೆ ತುಣುಕುಗಳನ್ನು ಓದುವಾಗ, ಎಲ್ಲ ಹೊಂದುತ್ತಿದೆಯೇ ಎಂದು ನೋಡಿಕೊಳ್ಳುತ್ತಲೇ ಇರುತ್ತದೆ. ಇದಕ್ಕೆ ವೆರಿಫೈಡ್ ಬೂಟ್ ಎನ್ನುತ್ತಾರೆ. ಒಂದು ಅಕ್ಷರ ಬದಲಾದರೂ ಫೋನು ಒಪ್ಪುವುದಿಲ್ಲ. ಕ್ಯಾಲ್ಕುಲೇಟರ್ ಬೇಡವೆಂದು ನಾನು ಆ ಭಾಗದಿಂದ ಅಳಿಸಿದರೂ, ಯಾರೋ ಕಳ್ಳ ಬೇಹುಗಾರಿಕೆಯ ತಂತ್ರಾಂಶ ತುರುಕಿದರೂ ಆ ಲೆಕ್ಕಕ್ಕೆ ಎರಡೂ ಒಂದೇ. ಹಾಗಾಗಿ ನಿಜವಾಗಿ ಅಳಿಸಬೇಕೆಂದರೆ ಫೋನು ಆನ್ ಆಗುವಾಗ ಸಿಸ್ಟಮ್ಮನ್ನು ಎಬ್ಬಿಸುವ ಬೂಟ್‌ಲೋಡರ್‌ನ ಬೀಗ ತೆಗೆದು, ಫೋನಿನಲ್ಲಿದ್ದ ಡೇಟಾ ಎಲ್ಲ ಒರೆಸಿ, ಆಮೇಲೆ ಬೀಗ ಬಿಚ್ಚಿದ ಸ್ಥಿತಿಯಲ್ಲೇ ಬಿಡಬೇಕು.

ಹಾಗೆ ಬಿಡುವುದರ ಅರ್ಥ ಏನೆಂದು ನನ್ನ ಕೌಂಟರಿನ ಅನುಭವದಿಂದ ಹೇಳುತ್ತೇನೆ. ‘ನನ್ನ ಗಂಡ ನಾನು ಎಲ್ಲಿ ಹೋದರೂ ಗೊತ್ತು ಮಾಡಿಕೊಳ್ತಾನೆ, ಫೋನಿನಲ್ಲಿ ಏನೋ ಹಾಕಿದಾನೆ, ನೋಡಿ’ ಎಂದು ಬರುವ ಹೆಂಗಸರಿದ್ದಾರೆ. ಮಾತು ತಗ್ಗಿಸಿ, ಅಂಗಡಿ ಖಾಲಿಯಾಗುವ ತನಕ ಕಾದು ಹೇಳುತ್ತಾರೆ. ಫೋನಿನ ಬೀಗ ಭದ್ರವಾಗಿದ್ದರೆ, ಅಪ್‌ಡೇಟ್ ಸರಿಯಾಗಿ ಬರುತ್ತಿದ್ದರೆ, ಫ್ಯಾಕ್ಟರಿ ರೀಸೆಟ್ ಮಾಡಿ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿಕೊಟ್ಟು, ‘ಇನ್ನು ಈ ಫೋನಿನ ಬಗ್ಗೆ ಧೈರ್ಯವಾಗಿರಿ ಅಮ್ಮಾ’ ಎನ್ನಬಲ್ಲೆ. ಗಂಡ ಹಾಕಿದ ಆ್ಯಪು ಸಿಸ್ಟಮ್ ಭಾಗಕ್ಕೆ ನುಗ್ಗಿರಲು ಸಾಧ್ಯವಿಲ್ಲ ಎಂಬ ನಂಬಿಕೆ ಆ ಸಹಿಯಿಂದ ಬರುತ್ತದೆ. ಬೂಟ್‌ಲೋಡರ್ ಬಿಚ್ಚಿದ, ರೂಟ್ ಆದ ಸೆಟ್ಟಾದರೆ ಹಾಗೆ ಹೇಳುವ ಧೈರ್ಯ ನನಗಿಲ್ಲ. ಆ ಹೆಣ್ಣುಮಗಳಿಗೆ ಬೇಕಾದದ್ದು ಅದೊಂದೇ ಮಾತು. ಹಾಗಾಗಿ, ಈ ಬೀಗವನ್ನು ಬರೀ ಕಂಪನಿಗಳ ದರ್ಪ ಎಂದು ಕರೆಯುವವರ ಜೊತೆ ನಾನು ದನಿಗೂಡಿಸಲಾರೆ.

ಆದರೆ ಅದೇ ಬೀಗ ಕೇಡನ್ನೂ ಕಾಯುತ್ತದೆ. ಟ್ರಯಾಡಾ ಎಂಬ ಕುತಂತ್ರಾಂಶ ಕೆಲವು ಅಗ್ಗದ ಫೋನುಗಳಿಗೆ ಕಾರ್ಖಾನೆಯ ಹಂತದಲ್ಲೇ ಸೇರಿಕೊಂಡಿತ್ತೆಂದು 2019ರಲ್ಲಿ ಗೂಗಲ್ ತಾನೇ ಒಪ್ಪಿಕೊಂಡಿತು. ಅದು ಕೂತಿದ್ದದ್ದು ಸಿಸ್ಟಮ್ ಭಾಗದಲ್ಲಿ. ರೀಸೆಟ್ ಮಾಡಿದರೂ ಹೋಗುವಂಥದ್ದಲ್ಲ. 2024ರ ಆಗಸ್ಟಿನಲ್ಲಿ ಐವೆರಿಫೈ ಎಂಬ ಭದ್ರತಾ ಸಂಸ್ಥೆ ಇನ್ನೊಂದನ್ನು ಹೊರಹಾಕಿತು. 2017ರ ಸೆಪ್ಟೆಂಬರ್‌ನಿಂದ ಮಾರಾಟವಾದ ಪಿಕ್ಸೆಲ್ ಫೋನುಗಳಲ್ಲಿ ಬಹುಪಾಲು ‘ಶೋಕೇಸ್’ ಎಂಬ ಆ್ಯಪನ್ನು ಹೊತ್ತಿದ್ದವು. ಅಮೆರಿಕದ ವೆರೈಝನ್ ಮಳಿಗೆಗಳಲ್ಲಿ ಫೋನನ್ನು ಪ್ರದರ್ಶನಕ್ಕಿಡಲು ಮಾಡಿದ್ದು ಅದು. ತಾನಾಗಿ ಚಾಲೂ ಆಗುತ್ತಿರಲಿಲ್ಲ ನಿಜ. ಆದರೆ ಅದಕ್ಕೆ ಕೊಟ್ಟಿದ್ದ ಅಧಿಕಾರ ಮಿತಿಮೀರಿದ್ದು, ಸೂಚನೆಗಳನ್ನು ತರಿಸಿಕೊಳ್ಳುತ್ತಿದ್ದ ದಾರಿಗೆ ರಕ್ಷಣೆ ಇರಲಿಲ್ಲ. ಅಮೆರಿಕದ ಯಾವುದೋ ಅಂಗಡಿಯ ಗಾಜಿನ ಪೆಟ್ಟಿಗೆಗೆ ಬೇಕಾದ ಆ್ಯಪು ವರ್ಷಗಟ್ಟಲೆ ಬೇರೆ ದೇಶದವರ ಜೇಬಿನಲ್ಲೂ ಓಡಾಡಿತು. ಅಳಿಸುವ ಹಕ್ಕು ಮಾಲೀಕರಿಗೆ ಇರಲಿಲ್ಲ. ಗೂಗಲ್ ಅಪ್‌ಡೇಟಿನಲ್ಲಿ ತೆಗೆಯುವವರೆಗೆ ಕಾಯಬೇಕಾಯಿತು. ಗ್ರಾಫೀನ್ ಓಎಸ್‌ನಲ್ಲಿ ಅದು ಇರಲೇ ಇಲ್ಲ ಎಂಬುದನ್ನೂ ಹೇಳಬೇಕು.

ನನ್ನ ವಾದದ ತಿರುಳು ಇಷ್ಟು. ಬೀಗ ಇರಲಿ. ಬೀಗ ಹಾಕುವ ಮುಂಚೆ ಒಳಗೆ ಏನೇನು ಇಟ್ಟಿದ್ದೀರಿ, ಯಾಕೆ ಇಟ್ಟಿದ್ದೀರಿ ಎಂದು ನಮಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು, ಮತ್ತು ಬೀಗ ಒಡೆಯದೆಯೇ ಬೇಡದ್ದನ್ನು ಪೂರ್ತಿ ನಿಲ್ಲಿಸುವ ಸ್ವಿಚ್ಚು ಮಾಲೀಕರ ಕೈಯಲ್ಲಿರಬೇಕು.

ಹಾಗೊಂದು ಅರ್ಧ ದಾರಿ ಈಗಲೂ ಇದೆ. ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಫೋನಿನಲ್ಲಿ ಡೆವಲಪರ್ ಆಯ್ಕೆ ತೆರೆದು, ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಿ, ಎಡಿಬಿ ಎಂಬ ಸಾಧನದ ಮೂಲಕ ಒಂದು ಸಾಲಿನ ಆದೇಶ ಕೊಟ್ಟರೆ ಸಿಸ್ಟಮ್ ಆ್ಯಪು ‘ಈ ಬಳಕೆದಾರರಿಗೆ ಇಲ್ಲ’ ಎಂದಾಗುತ್ತದೆ. ಪರದೆಯಿಂದ ಮಾಯ, ಹಿನ್ನೆಲೆಯಲ್ಲಿ ಓಡುವುದೂ ಇಲ್ಲ. ಫೈಲು ಮಾತ್ರ ಬೀಗದೊಳಗೆ ಹಾಗೇ ಇರುತ್ತದೆ, ಸಹಿ ಕೆಡುವುದಿಲ್ಲ, ಜಾಗವೂ ಖಾಲಿಯಾಗುವುದಿಲ್ಲ. ರೀಸೆಟ್ ಮಾಡಿದರೆ ವಾಪಸ್. ಗ್ರಾಫೀನ್‌ನಲ್ಲಿ ಒಂದೇ ಫೋನಿನಲ್ಲಿ ಹಲವು ಬಳಕೆದಾರರ ಪ್ರೊಫೈಲ್ ಮಾಡಿಕೊಳ್ಳಬಹುದಲ್ಲ, ಒಂದರಲ್ಲಿ ತೆಗೆದದ್ದು ಇನ್ನೊಂದರಲ್ಲಿ ಇದ್ದೇ ಇರುತ್ತದೆ. ವಕೀಲೆಯ ಫೋನಿಗೆ ನಾನು ಮಾಡಿಕೊಟ್ಟದ್ದು ಇದನ್ನೇ. ಯಾವುದನ್ನು ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ಇಬ್ಬರೂ ಸ್ಟೂಲ್ ಎಳೆದುಕೊಂಡು ಕೂತು ನೋಡಿದೆವು. ಹೊತ್ತು ಹಿಡಿದದ್ದು ಆ ನೋಡುವಿಕೆಗೇ.

ಸಿಮ್ ಟೂಲ್‌ಕಿಟ್ ಎಂಬುದಿದೆ. ಸಿಮ್ ಕಂಪನಿಯವರ ಮೆನು, ಪರದೆ ಮೇಲೆ ದಿಢೀರನೆ ಎರಗುವ ಕೆಲವು ಸಂದೇಶಗಳು ಇದರ ಮೂಲಕ ಬರುತ್ತವೆ. ಹಲವರಿಗೆ ಇದು ಬೇಡ, ನಿಲ್ಲಿಸಿದರೆ ಕರೆ ನಿಲ್ಲುವುದಿಲ್ಲ. ಅದರ ಪಕ್ಕದಲ್ಲೇ ಐಎಂಎಸ್ ಎಂಬ ಮೂರಕ್ಷರದ ಹೆಸರು ಕಾಣುತ್ತದೆ. ನೋಡಲು ಅದೂ ಅಷ್ಟೇ ಅನುಮಾನಾಸ್ಪದ. ತೆಗೆದರೆ 4ಜಿ ಮೇಲೆ ನಡೆಯುವ ವೋಲ್ಟಿ ಕರೆ ನಿಲ್ಲುತ್ತದೆ. 2ಜಿ, 3ಜಿ ಇಲ್ಲದ ಜಿಯೋ ಸಿಮ್ಮಿನಲ್ಲಿ ಮಾಮೂಲಿ ಕರೆಯೇ ಹೋಗುವುದಿಲ್ಲ. ಸೆಲ್ ಬ್ರಾಡ್‌ಕಾಸ್ಟ್ ಎಂದು ಇನ್ನೊಂದು. ‘ಬ್ರಾಡ್‌ಕಾಸ್ಟ್’ ಎಂದು ಓದಿದವರೆಲ್ಲ ನಮ್ಮ ಮಾಹಿತಿ ಎಲ್ಲಿಗೋ ಬಿತ್ತರವಾಗುತ್ತದೆ ಎಂದು ಹೆದರುತ್ತಾರೆ. 2023ರ ಅಕ್ಟೋಬರ್ 12ರಂದು ರಾಜ್ಯದಲ್ಲಿ ತುರ್ತು ಎಚ್ಚರಿಕೆಯ ಪರೀಕ್ಷೆ ನಡೆದು, ಜೇಬು ಜೇಬಿನಲ್ಲೂ ಫೋನು ಒಮ್ಮೆಲೇ ಕಿರುಚಿದ್ದು ಓದುಗರಿಗೆ ನೆನಪಿರಬಹುದು. ಆ ಕೂಗನ್ನು ಕೇಳಿಸಿದ್ದು ಈ ಅಂಗವೇ. ಟವರು ತನ್ನ ವ್ಯಾಪ್ತಿಯ ಫೋನುಗಳಿಗೆಲ್ಲ ಒಟ್ಟಿಗೆ ಹೇಳುತ್ತದೆ. ಯಾರ ನಂಬರೂ ಅದಕ್ಕೆ ಬೇಕಿಲ್ಲ, ಯಾರು ಕೇಳಿಸಿಕೊಂಡರು ಎಂಬ ಲೆಕ್ಕವೂ ಇಲ್ಲ. ಖಾಸಗಿತನದ ದೃಷ್ಟಿಯಿಂದ ಇದಕ್ಕಿಂತ ಸಜ್ಜನ ಅಂಗ ಫೋನಿನಲ್ಲಿ ಇನ್ನೊಂದು ಇರಲಾರದು. ಹೊಳೆ ದಂಡೆಯ ಊರಿನವರು ಇದನ್ನು ಕಿತ್ತುಹಾಕುವುದು ನನಗೆ ಸಂಕಟದ ವಿಷಯ.

ವೆಬ್‌ವ್ಯೂ ಕಥೆಯೂ ಹಾಗೇ. ಹೆಸರಿಗೊಂದು ಐಕಾನ್ ಕೂಡ ಇಲ್ಲ. ಬೇರೆ ಆ್ಯಪ್‌ಗಳು ತಮ್ಮೊಳಗೇ ವೆಬ್ ಪುಟ ತೋರಿಸಲು ಇದರ ಬೆನ್ನೇರುತ್ತವೆ. 2021ರ ಮಾರ್ಚಿನಲ್ಲಿ ಗೂಗಲ್‌ನ ವೆಬ್‌ವ್ಯೂಗೆ ದೋಷವಿದ್ದ ಅಪ್‌ಡೇಟ್ ಹೋಗಿ ಜಗತ್ತಿನಾದ್ಯಂತ ಜಿಮೇಲ್ ಸೇರಿ ಎಷ್ಟೋ ಆ್ಯಪ್‌ಗಳು ತೆರೆದ ತಕ್ಷಣ ಮುಚ್ಚಿಕೊಳ್ಳತೊಡಗಿದ್ದವು. ಆ ಎರಡು ದಿನ ಅಂಗಡಿಯ ಫೋನು ಸುಮ್ಮನಿರಲಿಲ್ಲ. ಗ್ರಾಫೀನ್‌ನಲ್ಲಿ ವನೇಡಿಯಂ ಬ್ರೌಸರ್ ಬೇರೆ, ವೆಬ್‌ವ್ಯೂ ಬೇರೆ. ಬ್ರೌಸರ್ ಬೇಡವಾದರೆ ನಿಲ್ಲಿಸಬಹುದು, ವೆಬ್‌ವ್ಯೂ ಮುಟ್ಟಬಾರದು.

ಇನ್ನು ಕನ್ನಡ. ಫೋನಿನಲ್ಲಿ ಕನ್ನಡ ತೆರೆದರೆ ಬರೀ ಚೌಕದ ಡಬ್ಬಿಗಳು ಕಾಣುತ್ತಿದ್ದ ಕಾಲ ನಡುವಯಸ್ಸಿನವರಿಗೆಲ್ಲ ಗೊತ್ತು. ಆಂಡ್ರಾಯ್ಡಿನಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದು 2012ರ ಜೆಲ್ಲಿ ಬೀನ್ ಆವೃತ್ತಿಯಿಂದ ಈಚೆಗೆ. ಇವತ್ತು ನೋಟೊ ಸಾನ್ಸ್ ಕನ್ನಡ ಎಂಬ ಫಾಂಟು ಸಿಸ್ಟಮ್ ಭಾಗದಲ್ಲಿ, ಅದೇ ಬೀಗದೊಳಗೆ ಕೂತಿದೆ. ಕ್ಯಾಲಿಫೋರ್ನಿಯಾದಲ್ಲಿ ಕೂತು ‘ಅನಗತ್ಯ ಫೈಲು’ಗಳ ಪಟ್ಟಿ ಮಾಡುವವನಿಗೆ ಅದು ಕಸ. ಕುರುಡರಿಗೆ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಕೂಡ ಕಣ್ಣಿರುವವನಿಗೆ ಬೇಡದ ಹೊರೆಯೇ. ಇಂಟರ್ನೆಟ್ಟಿನಲ್ಲಿ ಸಿಗುವ ‘ಇವನ್ನೆಲ್ಲ ಕಣ್ಣುಮುಚ್ಚಿ ಅಳಿಸಿ’ ಎಂಬ ಪಟ್ಟಿಗಳನ್ನು ಅನುಸರಿಸುವ ಹುಡುಗರಿಗೆ ನಾನು ಇದನ್ನೇ ಹೇಳುವುದು. ಆ ಪಟ್ಟಿ ಬರೆದವನಿಗೆ ನಿಮ್ಮ ಸಿಮ್ಮು, ನಿಮ್ಮ ಭಾಷೆ, ನಿಮ್ಮ ಅಜ್ಜಿಯ ಕಣ್ಣು ಯಾವುದೂ ಗೊತ್ತಿಲ್ಲ.

ಹಾಗಿದ್ದರೆ ತಯಾರಕರು ಕೊಡುವ ಪಟ್ಟಿಯಲ್ಲಿ ಇದನ್ನೆಲ್ಲ ಬರೆಯಬಹುದಲ್ಲವೇ? ಬರೆಯುವುದಿಲ್ಲ. ‘ಕಾಮ್ ಡಾಟ್ ಆಂಡ್ರಾಯ್ಡ್ ಡಾಟ್ ಎಸ್‌ಟಿಕೆ’ ಎಂಬಂಥ ಹೆಸರು ನೋಡಿ ವಕೀಲಿ ಓದಿದವರೇ ಗಾಬರಿಯಾದರೆ ತೆಂಗಿನಕಾಯಿ ಮಂಡಿಯ ಗುಮಾಸ್ತರ ಪಾಡೇನು? ಗ್ರಾಫೀನ್‌ನವರ ಕೆಲಸದ ಬಗ್ಗೆ ನನಗೆ ತುಂಬು ಗೌರವ. ಅವರ ದಾಖಲೆಗಳು ವಿವರವಾಗಿವೆ, ಪ್ರಾಮಾಣಿಕವಾಗಿವೆ. ಆದರೆ ಅವು ವೆಬ್‌ಸೈಟಿನಲ್ಲಿವೆ, ಇಂಗ್ಲಿಷಿನಲ್ಲಿವೆ. ಫೋನಿನೊಳಗೆ ಸೆಲ್ ಬ್ರಾಡ್‌ಕಾಸ್ಟ್ ಎಂಬ ಹೆಸರಿನ ಕೆಳಗೇ ‘ಇದು ತುರ್ತು ಎಚ್ಚರಿಕೆಗೆ, ಹೊರಗೆ ಏನನ್ನೂ ಕಳಿಸುವುದಿಲ್ಲ’ ಎಂದು ಒಂದು ಸಾಲು ಇದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಫ್ರಾನ್ಸಿನ ಗೇಲ್ ದುವಾಲ್, ಹಿಂದೆ ಮ್ಯಾಂಡ್ರೇಕ್ ಲಿನಕ್ಸ್ ಕಟ್ಟಿದವರು, ಶುರುಮಾಡಿದ ಇ-ಓಎಸ್ ಖಾಸಗಿತನದ ಹೆಸರಿನಲ್ಲೇ ಬಂದ ಇನ್ನೊಂದು ಬಗೆಯ ಆಂಡ್ರಾಯ್ಡ್. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ ಮತ್ತು ಎಡಿನ್‌ಬರಾದ ಸಂಶೋಧಕರು 2021ರಲ್ಲಿ ಆರು ಬಗೆಯ ಆಂಡ್ರಾಯ್ಡ್‌ಗಳನ್ನು ಪರೀಕ್ಷಿಸಿದಾಗ, ಫೋನು ಸುಮ್ಮನೆ ಬಿದ್ದಿದ್ದರೂ ಸ್ಯಾಮ್‌ಸಂಗ್, ಶವೋಮಿ, ಹುವಾವೇ, ರಿಯಲ್‌ಮಿ ಆವೃತ್ತಿಗಳು ಸಾಕಷ್ಟು ಮಾಹಿತಿಯನ್ನು ತಯಾರಕರಿಗೂ ಪೂರ್ವಸ್ಥಾಪಿತ ಆ್ಯಪ್‌ಗಳ ಒಡೆಯರಿಗೂ ಕಳಿಸುತ್ತಿದ್ದವು. ಎದ್ದು ಕಾಣುವಂತೆ ಭಿನ್ನವಾಗಿದ್ದದ್ದು ಇ-ಓಎಸ್ ಒಂದೇ. ದೊಡ್ಡ ಸಾಧನೆ. ಆದರೂ ಅದರ ಜೊತೆಗೆ ವರ್ಷಗಳ ಕಾಲ ಮ್ಯಾಜಿಕ್ ಅರ್ಥ್ ಎಂಬ ನಕ್ಷೆಯ ಆ್ಯಪು ಬಂತು, ಅದರ ಸೋರ್ಸ್ ಕೋಡ್ ಮುಚ್ಚಿಟ್ಟದ್ದು. ಮುಕ್ತ ತಂತ್ರಾಂಶ ಎಂದು ನಂಬಿ ಬಂದವರು ಸಿಟ್ಟಾದದ್ದು ಸಹಜ. ಖಾಸಗಿತನದ ಹೆಸರಿನಲ್ಲಿ ಮಾರುವವರು ಬೇರೆಯವರಿಗಿಂತ ಹೆಚ್ಚು ಲೆಕ್ಕ ಕೊಡಬೇಕು. ಬೇಡವೆಂದವರಿಗೆ ಸುಲಭವಾಗಿ ಬಿಡಿಸಿಕೊಡಬೇಕು.

ಇದು ಆಗದ ಕೆಲಸವೇನಲ್ಲ. ಯುರೋಪಿನ ಡಿಜಿಟಲ್ ಮಾರುಕಟ್ಟೆ ಕಾಯ್ದೆ 2024ರ ಮಾರ್ಚಿನಿಂದ ದೊಡ್ಡ ಕಂಪನಿಗಳ ಮೇಲೆ ಬಿಗಿಯಾಯಿತು. ಅದೇ ವರ್ಷ ಆ್ಯಪಲ್ ಯುರೋಪಿನ ಗ್ರಾಹಕರಿಗೆ ಸಫಾರಿ, ಮೆಸೇಜಸ್, ಕ್ಯಾಮೆರಾ, ಕೊನೆಗೆ ಆ್ಯಪ್ ಸ್ಟೋರ್ ಕೂಡ ಅಳಿಸುವ ಅವಕಾಶ ಕೊಟ್ಟಿತು. ಇದಕ್ಕಾಗಿ ಯಾರೂ ಐಫೋನಿನ ಬೀಗ ಒಡೆಯಬೇಕಾಗಲಿಲ್ಲ. ವರ್ಷಗಟ್ಟಲೆ ಇಲ್ಲದ್ದು ಕಾಯ್ದೆ ಬಂದ ಮೇಲೆ ಬಂತು.

ನಮ್ಮಲ್ಲಿ? 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಮೊದಲೇ ಹಾಕಿಕೊಟ್ಟ ತನ್ನ ಆ್ಯಪ್‌ಗಳನ್ನು ಅಳಿಸಲು ಜನರಿಗೆ ಅಡ್ಡಿ ಮಾಡಬಾರದು ಎಂದೂ ಹೇಳಿತ್ತು. ನಮ್ಮಂಥ ಅಂಗಡಿಯವರಿಗೆ ಅದು ಹಬ್ಬದ ಸುದ್ದಿ. 2023ರ ಮಾರ್ಚ್ 29ರಂದು ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು, ಆದರೆ ಕೈಬಿಟ್ಟ ನಾಲ್ಕು ನಿರ್ದೇಶನಗಳಲ್ಲಿ ಅಳಿಸುವ ಹಕ್ಕಿನದೂ ಒಂದು. ದಂಡದ ದುಡ್ಡು ನಮ್ಮ ಗಿರಾಕಿಗೆ ಬರುವುದಿಲ್ಲ. ಬರಬಹುದಾಗಿದ್ದದ್ದು ಆ ಒಂದು ಗುಂಡಿ.

ಆಮೇಲೆ 2025ರ ನವೆಂಬರ್ 28ರ ಆದೇಶ. ಹೊಸ ಫೋನುಗಳಲ್ಲೆಲ್ಲ ಸರ್ಕಾರದ ಸಂಚಾರ್ ಸಾಥಿ ಆ್ಯಪನ್ನು 90 ದಿನದೊಳಗೆ ಮೊದಲೇ ಹಾಕಿರಬೇಕು, ಅದರ ಕೆಲಸಗಳನ್ನು ನಿಷ್ಕ್ರಿಯಗೊಳಿಸುವಂತಿರಬಾರದು ಎಂದು ದೂರಸಂಪರ್ಕ ಇಲಾಖೆ ತಯಾರಕರಿಗೆ ಹೇಳಿತು. ಸಂಚಾರ್ ಸಾಥಿಯ ಉಪಯೋಗ ನನಗೆ ಚೆನ್ನಾಗಿ ಗೊತ್ತು. ಕಳೆದುಹೋದ ಸೆಟ್ಟಿನ ಐಎಂಇಐ ಬ್ಲಾಕ್ ಮಾಡಿಸಲು ಗಿರಾಕಿಗಳಿಗೆ ನಾನೇ ಅದರ ಪೋರ್ಟಲ್ ತೆರೆದುಕೊಡುತ್ತೇನೆ. ಒಳ್ಳೆಯ ಸೇವೆ, ಜನ ತಾವಾಗಿ ಹುಡುಕಿಕೊಂಡು ಬರುತ್ತಾರೆ. ಬೇಕಾದವರು ಬರುವ ಜಾಗಕ್ಕೆ ಬೇಡದವರನ್ನೂ ಕಟ್ಟಿಹಾಕುವುದು ಯಾಕೆ? ದೇಶವೆಲ್ಲ ಗದ್ದಲವಾಗಿ ಡಿಸೆಂಬರ್ 3ರಂದು ಆದೇಶ ವಾಪಸಾಯಿತು. ನನಗೆ ಸಮಾಧಾನವಾಯಿತು, ಆದರೆ ಪೂರ್ತಿಯಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಯಾರ ಅರ್ಜಿಯ ಮೇಲೆ? ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಆ ತೀರ್ಪು ಬಂದು ಇಷ್ಟು ವರ್ಷವಾದ ಮೇಲೂ, ನನ್ನ ಜೇಬಿನ ಫೋನಿನೊಳಗೆ ಯಾರು ಏನನ್ನು ಕೂರಿಸಬಹುದು ಎಂಬುದು ಒಂದು ವಾರದ ಗದ್ದಲದ ಮೇಲೆ ನಿಂತಿರಬಾರದು.

ಆಗಬೇಕಾದದ್ದನ್ನು ನಾನು ಹೀಗೆ ಕೇಳುತ್ತೇನೆ. ನಮ್ಮ ಫೋನಿನಲ್ಲಿ *#06# ಒತ್ತಿದರೆ ಐಎಂಇಐ ಬರುತ್ತದೆ. *#07# ಒತ್ತಿದರೆ ವಿಕಿರಣದ ಸಾರ್ ಮೌಲ್ಯ ಬರುತ್ತದೆ, ಕಿಲೋಗೆ 1.6 ವ್ಯಾಟ್ ಮೀರಬಾರದೆಂದು 2012ರ ಸೆಪ್ಟೆಂಬರ್‌ನಿಂದ ಸರ್ಕಾರದ ಮಿತಿ ಇರುವುದರಿಂದ ಅದನ್ನು ತೋರಿಸುತ್ತಾರೆ. ಅದೇ ರೀತಿ ಇನ್ನೊಂದು ಸಂಖ್ಯೆ ಇರಲಿ. ಒತ್ತಿದರೆ ಕಾರ್ಖಾನೆಯಿಂದಲೇ ಬಂದ ಪ್ರತಿಯೊಂದರ ಹೆಸರು, ಮಾಡಿದವರು ಯಾರು, ಏನು ಕೆಲಸ, ಹೊರಗಡೆ ಯಾರಿಗೆ ಏನು ಕಳಿಸುತ್ತದೆ, ನಿಲ್ಲಿಸಿದರೆ ಏನು ನಿಲ್ಲುತ್ತದೆ ಎಂಬುದು ಬರಲಿ. ಕನ್ನಡದಲ್ಲಿ ಬರಲಿ, ತಮಿಳಿನಲ್ಲಿ ಬರಲಿ, ಹಿಂದಿಯಲ್ಲಿ ಬರಲಿ. ಪ್ರತಿ ಸಾಲಿನ ಎದುರು ಒಂದು ಸ್ವಿಚ್ಚು. ಕರೆ, ಸೆಟ್ಟಿಂಗ್ಸ್‌ನಂಥ ಬಿಡಲಾಗದ ಕೆಲವಕ್ಕೆ ಸ್ವಿಚ್ಚಿನ ಬದಲು ಯಾಕೆ ಬಿಡಲಾಗದು ಎಂಬ ಕಾರಣ. ಸರ್ಕಾರದ ಆ್ಯಪಿಗೂ ಇದೇ ನಿಯಮ, ಖಾಸಗಿತನದ ಫೋನು ಮಾಡುವವರಿಗೂ ಇದೇ. ಅಲ್ಲಿಯವರೆಗೆ ರೂಟ್ ಮಾಡಿಕೊಡಿ ಎಂದು ಬಂದವರಿಗೆ ನಾನು ಮಾಡಿಕೊಡುವುದಿಲ್ಲ. ಎಡಿಬಿ ಕೇಬಲ್ಲು ಸಿಕ್ಕಿಸಿ, ಏನೇನು ನಿಲ್ಲಿಸಿದೆ, ಮತ್ತೆ ಹೇಗೆ ತರಿಸಿಕೊಳ್ಳಬೇಕು ಎಂದು ಬಿಲ್ಲಿನ ಹಿಂದೆ ಕನ್ನಡದಲ್ಲಿ ಬರೆದುಕೊಡುತ್ತೇನೆ.